ಗೋಡೆಗೆ ಹೇಳಿದ ಮಾತು

ನಮ್ಮ ಬಸ್ಸು ವಿಜಯಪುರ ತಲುಪಿದಾಗ ಬೆಳಗಿನ ಐದೂವರೆ. 2023ರ ಡಿಸೆಂಬರ್ ತಿಂಗಳು. ಬಯಲುಸೀಮೆಯ ಚಳಿ ಎಂದರೆ ಮಲೆನಾಡಿನವರು ನಗುತ್ತಾರೆ, ಆದರೆ ಆ ಹೊತ್ತಿನಲ್ಲಿ ಬಸ್ಸಿನ ಕಿಟಕಿ ಸರಿಸಿದವರಿಗೇ ಗೊತ್ತು ಅದರ ಕಚ್ಚು. 43 ಮಕ್ಕಳು, ನಾಲ್ವರು ಶಿಕ್ಷಕರು, ಅಡುಗೆಯ ಪಾತ್ರೆಗಳು, ಎರಡು ಮೂಟೆ ಅಕ್ಕಿ, ಒಂದು ಗ್ಯಾಸ್ ಒಲೆ. ಶಾಲಾ ಪ್ರವಾಸವೆಂದರೆ ನಮ್ಮ ಕಾಲದಲ್ಲೂ ಇಷ್ಟೇ, ಈಗಲೂ ಇಷ್ಟೇ. ಮಕ್ಕಳು ಮೊಬೈಲ್ ತರಕೂಡದು ಎಂದು ಪೋಷಕರಿಗೆ ಸುತ್ತೋಲೆ ಕಳಿಸಿದ್ದೆವು. ಆ ಸುತ್ತೋಲೆ ಹೋದದ್ದೂ ಮೊಬೈಲಿಗೇ ಎನ್ನುವುದು ಬೇರೆ ಮಾತು.

ಗೋಳಗುಮ್ಮಟ ನೋಡುವವರಿಗೆ ನನ್ನದೊಂದು ಸಲಹೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಒಂಬತ್ತು ಗಂಟೆಯಾದರೆ ನಾಲ್ಕಾರು ಶಾಲೆಗಳ ಬಸ್ಸು ಬಂದು ನಿಲ್ಲುತ್ತವೆ. ಆಮೇಲೆ ಒಳಗಿರುವುದು ಬರೀ ಗದ್ದಲ. ಕೂಗಿದರೆ ಮರುದನಿ ಕೇಳುತ್ತದೆ ಎಂದು ಪಾಠದಲ್ಲಿ ಓದಿಬಂದ ನೂರಾರು ಮಕ್ಕಳು ಒಟ್ಟಿಗೇ ಕೂಗಿದರೆ ಮರುದನಿ ಯಾವುದು, ದನಿ ಯಾವುದು ಎಂದು ಬ್ರಹ್ಮನಿಗೂ ತಿಳಿಯದು.

ದೂರದಿಂದ ನೋಡಿದರೆ ಗುಮ್ಮಟ ಊರಿನ ಮೇಲೆ ಬೋರಲು ಹಾಕಿದ ಕಡಾಯಿಯ ಹಾಗೆ ಕಾಣುತ್ತದೆ. ಹತ್ತಿರ ಹೋದಂತೆ ಆ ಉಪಮೆ ತೀರಾ ಸಣ್ಣದೆನಿಸುತ್ತದೆ. 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಒಳಗೆ ಕಾಲಿಟ್ಟರೆ ಒಂದೊಂದು ಬದಿಯೂ 135 ಅಡಿ ಇರುವ ಚೌಕ, ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾದುಹೋಗುವ ಕಮಾನುಗಳು ಚೌಕವನ್ನು ಮೆಲ್ಲಗೆ ವೃತ್ತದತ್ತ ತಿರುಗಿಸಿ, ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತು ನಿಂತಿವೆ. ನಡುವಿನ ಕಟ್ಟೆಯ ಮೇಲೆ ಅರಸನ, ಅವನ ಮನೆಯವರ ಗೋರಿಗಳಿವೆ. ನಾವು ನೋಡುವುದು ಗೋರಿಯ ಗುರುತನ್ನು ಮಾತ್ರ. ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ. ಇದನ್ನು ಹೇಳಿದಾಗ ಒಬ್ಬ ಹುಡುಗಿ, "ಹಾಗಾದರೆ ಇದು ಸುಳ್ಳು ಗೋರೀನಾ ಸಾರ್?" ಎಂದು ಕೇಳಿದಳು. ಸುಳ್ಳಲ್ಲಮ್ಮ, ಬಂದವರಿಗೆ ತೋರಿಸುವುದು ಮೇಲಿದೆ, ಉಳಿದದ್ದು ಕೆಳಗಿದೆ ಎಂದೆ. ಆಗ ಆ ಮಾತಿಗೆ ನಾನು ಹೆಚ್ಚು ಅರ್ಥ ಕೊಟ್ಟಿರಲಿಲ್ಲ.

ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳು. ಅವುಗಳಲ್ಲೊಂದರ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದರೆ ಊರೆಲ್ಲ ಕಾಲ ಕೆಳಗೆ. ಗುಮ್ಮಟದ ಬುಡಕ್ಕೆ ಕಲ್ಲಿನ ದಳಗಳನ್ನು ಸುತ್ತಿದ್ದಾರೆ, ಹೂವಿನ ಒಳಗಿಂದ ಮೊಗ್ಗು ಎದ್ದಂತೆ. ಅಲ್ಲಿಂದ ಗೋಡೆಯೊಳಗಿನ ಸಣ್ಣ ಬಾಗಿಲು ಹಾದು ಒಳಗೆ ಹೋದರೆ ಪಿಸುಮಾತಿನ ಮೊಗಸಾಲೆ. ಕೆಳಗೆ ನೋಡಿದರೆ ನೂರಡಿಗೂ ಮಿಗಿಲಾದ ಆಳ. ನನಗೆ ಐವತ್ತು ದಾಟಿದೆ, ಮಂಡಿ ನೋವೂ ಇದೆ. ಏದುಸಿರು ಬಿಡುತ್ತಾ ಗೋಡೆಗೆ ಒರಗಿದೆ. ಆ ಏದುಸಿರು ಎದುರು ಬದಿಯಲ್ಲಿದ್ದ ಮಕ್ಕಳಿಗೆ ಕೇಳಿಸಿ ಅವರು ಕಿಸಕ್ಕೆಂದು ನಕ್ಕರು. ಅವರ ನಗು ನನಗೆ ಕಿವಿಯ ಪಕ್ಕದಲ್ಲೇ ಕೇಳಿತು.

ಅಲ್ಲಿದ್ದ ಕಾವಲುಗಾರರು ಒಳ್ಳೆಯವರು. "ಎಲ್ಲಾರೂ ಕೂಡಿ ಒದರಬ್ಯಾಡ್ರೀ, ಒಬ್ಬೊಬ್ರ ಮಾತಾಡ್ರಿ. ಗ್ವಾಡಿಗೆ ಮಾರಿ ಹಚ್ಚಿ ಸಣ್ಣಗ ಅನ್ರಿ, ಆ ಕಡೆ ಕೇಳ್ತದ" ಎಂದು ಮಕ್ಕಳಿಗೆ ಹೇಳಿಕೊಟ್ಟರು. ಒಂದು ಕಾಗದದ ಚೂರನ್ನು ಬೆರಳಲ್ಲಿ ಉಜ್ಜಿ ತೋರಿಸಿದರು. ಅದರ ಸರಸರ ಸದ್ದು ಎದುರು ಬದಿಗೆ ನಿಚ್ಚಳವಾಗಿ ಹೋಯಿತು.

ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಇಲ್ಲಿ ಕೈ ತಟ್ಟಿದರೆ ಸದ್ದು ಎದುರು ಗೋಡೆಗೆ ಬಡಿದು ಹಿಂದಿರುಗಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಎರಡು ಸದ್ದುಗಳನ್ನು ಬೇರೆ ಬೇರೆಯೆಂದು ಗುರುತಿಸಲು ನಮ್ಮ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಹಾಗಾಗಿ ಮರುದನಿ ಮತ್ತೆ ಮತ್ತೆ ಬಿಡಿಬಿಡಿಯಾಗಿ ಕೇಳುತ್ತದೆ, ಏಳು ಸಲ, ಎಂಟು ಸಲ. ಹತ್ತರವರೆಗೂ ಎಣಿಸಿದವರಿದ್ದಾರೆ. ಪಿಸುಮಾತಿನ ಸಂಗತಿಯೇ ಬೇರೆ. ಬಯಲಿನಲ್ಲಿ ಆಡಿದ ಮಾತು ಎಲ್ಲ ದಿಕ್ಕಿಗೂ ಹರಡಿ ಬೇಗ ಕ್ಷೀಣಿಸುತ್ತದೆ. ಇಲ್ಲಿ ಅದು ಬಾಗಿದ ಗೋಡೆಗೆ ಅಂಟಿಕೊಂಡು, ಸ್ವಲ್ಪ ಸ್ವಲ್ಪವೇ ಪುಟಿಯುತ್ತಾ, ಸುತ್ತಿಕೊಂಡು ಹೋಗುತ್ತದೆ.

ಇದನ್ನು ಪಾಠ ಮಾಡುವಾಗ ನಾನು ಬಹಳ ವರ್ಷ ತಪ್ಪು ಹೇಳಿದ್ದೆ. ಪಿಸುಮಾತು ಸರಿಯಾಗಿ ಎದುರಿನ ಬಿಂದುವಿಗೆ ಹೋಗಿ ಸೇರುತ್ತದೆ, ಅಲ್ಲಿರುವವರಿಗೆ ಮಾತ್ರ ಕೇಳುತ್ತದೆ ಎನ್ನುತ್ತಿದ್ದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲೂ ಇಂಥದೊಂದು ಮೊಗಸಾಲೆಯಿದೆ. ಅದರ ಬಗ್ಗೆ ಹಿಂದೆ ಆರಿ ಎಂಬ ಖಗೋಳ ವಿಜ್ಞಾನಿ ಕೊಟ್ಟಿದ್ದ ವಿವರಣೆಯೂ ಹಾಗೇ ಇತ್ತು. ಲಾರ್ಡ್ ರ್‍ಯಾಲೆ ಅದನ್ನು ತಿದ್ದಿದರು. ಪಿಸುಮಾತು ಎದುರಿನ ಒಂದೇ ಬಿಂದುವಿಗಲ್ಲ, ಗೋಡೆಯುದ್ದಕ್ಕೂ ಕೇಳುತ್ತದೆ. ಗೋಡೆಗೆ ಕಿವಿಗೊಟ್ಟ ಯಾರಿಗಾದರೂ ಕೇಳುತ್ತದೆ. ನಮ್ಮ ಸಿ.ವಿ. ರಾಮನ್ 1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಸೇಂಟ್ ಪಾಲ್‌ನಲ್ಲಿ ಸದರ್‌ಲ್ಯಾಂಡ್ ಎಂಬುವರ ಜೊತೆ ಪ್ರಯೋಗ ಮಾಡಿದರು. ಗೋಡೆಯಿಂದ ಒಳಕ್ಕೆ ಸರಿದಂತೆ ಶಬ್ದ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವುದನ್ನು ಕಂಡರು. ಸಮುದ್ರವೇಕೆ ನೀಲಿ ಎಂದು ಅವರು ಹಡಗಿನಲ್ಲಿ ಯೋಚಿಸಿದ್ದೂ ಅದೇ ಪ್ರವಾಸದಲ್ಲೇ. ಊರಿಗೆ ಹಿಂದಿರುಗಿದ ಮೇಲೆ ನಮ್ಮ ಗೋಳಗುಮ್ಮಟದ ಬಗ್ಗೆಯೂ ಬರೆದರು.

ಎದುರಿನ ಒಬ್ಬರಿಗಲ್ಲ, ಗೋಡೆಗೆ ಕಿವಿಗೊಟ್ಟ ಎಲ್ಲರಿಗೂ. ಈ ಮಾತನ್ನು ನಾನು ಅಂದು ಬೆಳಿಗ್ಗೆ ಮಕ್ಕಳಿಗೆ ಎರಡು ಸಲ ಹೇಳಿದ್ದೆ.

ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತು ಉಗ್ಗುತ್ತಿದ್ದ. ಹಾಜರಿ ಕರೆದರೆ 'ಎಸ್ ಸಾರ್' ಎನ್ನುವ ಬದಲು ಕೈ ಎತ್ತುತ್ತಿದ್ದ. ಪಾಠ ಓದಿಸುವಾಗ ಅವನ ಸರದಿ ಬಂದರೆ ನಾನೇ ದಾಟಿಸಿ ಮುಂದಿನವನನ್ನು ಎಬ್ಬಿಸುತ್ತಿದ್ದೆ. ಅದು ದಯೆ ಎಂದು ತಿಳಿದಿದ್ದೆ. ಮಕ್ಕಳೆಲ್ಲ ಮಾಳಿಗೆಗೆ ಹೋದ ಮೇಲೆ ಅವನೊಬ್ಬ ಮೊಗಸಾಲೆಯಲ್ಲಿ ಉಳಿದ. ನಾನು ಎದುರು ಬದಿಯಲ್ಲಿ ಮಂಡಿ ತಿಕ್ಕುತ್ತಾ ಕುಳಿತಿದ್ದೆ. ಅವನು ನನ್ನತ್ತ ಒಮ್ಮೆ ನೋಡಿ, ಗೋಡೆಗೆ ಮುಖವಿಟ್ಟು ಪಿಸುಗುಟ್ಟಲು ತೊಡಗಿದ. ಒಂದು ವಾಕ್ಯ, ಎರಡು ವಾಕ್ಯ, ಆಮೇಲೆ ಸರಾಗವಾಗಿ ಹತ್ತು ಹನ್ನೆರಡು. ಎಲ್ಲೂ ಒಂದು ಅಕ್ಷರವೂ ತಡೆಯಲಿಲ್ಲ.

ಇದಕ್ಕೂ ವಿವರಣೆಯುಂಟು. ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ, ಬರೀ ಉಸಿರೇ ಮಾತಾಗುತ್ತದೆ. ಉಗ್ಗುವ ಎಷ್ಟೋ ಜನ ಪಿಸುಗುಟ್ಟುವಾಗ, ಹಾಡುವಾಗ ಉಗ್ಗುವುದಿಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ವಿವರಣೆ ಎಲ್ಲಿ ನೆನಪಾಗಬೇಕು! ನನ್ನ ಮೈ ಜುಮ್ಮೆಂದಿತು. ಜೇಬಿನಿಂದ ಮೊಬೈಲ್ ತೆಗೆದು ಗೋಡೆಯ ಹತ್ತಿರ ಹಿಡಿದೆ. ಎದುರಿಗೆ ಪುಟ್ಟದಾಗಿ ಅವನು, ಹತ್ತಿರದಲ್ಲಿ ಅವನ ದನಿ. ಮಾಳಿಗೆಗೆ ಬಂದವನೇ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ, ಹುಡುಗನ ಹೆಸರು ಬರೆದು, 'ನಮ್ಮ ಹುಡುಗ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಕೇಳಿ' ಎಂದು ಸೇರಿಸಿದೆ. ಕೆಳಗಿಳಿದು ಉಪ್ಪಿಟ್ಟು ತಿನ್ನುವಷ್ಟರಲ್ಲಿ ಹೆಬ್ಬೆರಳುಗಳು, ಕೈಜೋಡಣೆಗಳು ಸಾಲಾಗಿ ಬಂದವು. ಮುಖ್ಯೋಪಾಧ್ಯಾಯರೂ ಒಂದು ಹೂಗುಚ್ಛ ಕಳಿಸಿದರು. ನನಗೆ ಹೊಟ್ಟೆಗಿಂತ ಮನಸ್ಸು ತುಂಬಿತ್ತು.

ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ನೋಡಿಕೊಂಡು ಮಧ್ಯಾಹ್ನ ಆಲಮಟ್ಟಿಯ ದಾರಿ ಹಿಡಿದೆವು. ಅವುಗಳ ಬಗ್ಗೆ ಬರೆಯಬೇಕಾದ್ದು ಬಹಳವಿದೆ, ಆದರೆ ಆ ದಿನದ್ದೆಂದು ನನಗೆ ನೆನಪಿರುವುದು ಕಡಿಮೆ. ಆಲಮಟ್ಟಿ ತಲುಪುವ ಮೊದಲೇ ಹುಡುಗನ ತಂದೆಯ ಫೋನು ಬಂತು. ಸಿಟ್ಟಿನ ದನಿಯಲ್ಲ, ತಗ್ಗಿದ ದನಿ. "ಸಾರ್, ಅವನು ಮನೆ ವಿಷಯ ಹೇಳಿದಾನಲ್ಲ... ಬೆಂಗಳೂರಿಂದ ನಮ್ಮ ಭಾವ ಫೋನ್ ಮಾಡಿ ಕೇಳ್ತಾ ಇದಾರೆ."

ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ, ಮೊಬೈಲನ್ನು ಕಿವಿಗಿಟ್ಟು ಮತ್ತೆ ಕೇಳಿದೆ. ಹೌದು. ಬೆಳಿಗ್ಗೆ ಅವನು ಹೇಗೆ ಹೇಳಿದ ಎಂಬುದನ್ನು ಕೇಳಿದ್ದೆ, ಏನು ಹೇಳಿದ ಎಂಬುದನ್ನು ಕೇಳಿರಲೇ ಇಲ್ಲ.

ಕೂಡಲೇ ಅಳಿಸಿದೆ. 'ಎಲ್ಲರಿಗೂ ಅಳಿಸು' ಎಂಬ ಗುಂಡಿ 2017ರಿಂದ ಇದೆ, ಒಳ್ಳೆಯದೇ. ಆದರೆ ಅದು ಅಳಿಸುವುದು ಆ ಗುಂಪಿನಲ್ಲಿರುವುದನ್ನು ಮಾತ್ರ. ಯಾರಾದರೂ ಇಳಿಸಿಕೊಂಡು ಇಟ್ಟುಕೊಂಡಿದ್ದರೆ, ಬೇರೆಯವರಿಗೆ ಕಳಿಸಿದ್ದರೆ ಅದಕ್ಕೆ ಆ ಗುಂಡಿ ಏನೂ ಮಾಡಲಾರದು. ಈ ವ್ಯವಸ್ಥೆಯಲ್ಲಿ ಸಂದೇಶಗಳು ಬೀಗ ಹಾಕಿಕೊಂಡು ಹೋಗುತ್ತವೆ, ದಾರಿಯಲ್ಲಿ ಯಾರೂ ಓದಲಾರರು ಎಂದು ನಾನೇ ಮಕ್ಕಳಿಗೆ ವಿವರಿಸಿದ್ದುಂಟು. ಅದು ನಿಜವೇ. ಬೀಗ ಇರುವುದು ದಾರಿಗೆ. ತಲುಪಿದ ಮನೆಯಲ್ಲಿ ಬಾಗಿಲು ತೆಗೆದೇ ಇರುತ್ತದೆ, ಅಲ್ಲಿಂದ ಮುಂದೆ ಯಾರು ಯಾರಿಗೆ ಕೊಡುತ್ತಾರೋ ಬಲ್ಲವರಾರು? ಎದುರಿನ ಒಬ್ಬರಿಗಲ್ಲ, ಗೋಡೆಗೆ ಕಿವಿಗೊಟ್ಟ ಎಲ್ಲರಿಗೂ.

ಸಂಜೆಯ ಹೊತ್ತಿಗೆ ಮಕ್ಕಳಿಗೂ ಗೊತ್ತಾಗಿತ್ತು. ಸುತ್ತೋಲೆ ಮೀರಿ ಮೊಬೈಲ್ ತಂದವರು ಇಬ್ಬರೋ ಮೂವರೋ ಇದ್ದರು. ಆಲಮಟ್ಟಿಯ ಉದ್ಯಾನದಲ್ಲಿ ಒಬ್ಬ ಅವನ ಪಿಸುಮಾತನ್ನು ಅಣಕಿಸುತ್ತಿದ್ದ. ಅಣಕಿಸಿದವನಿಗೆ ನಾನು ಬೈದೆ. ಬೈಯುವಾಗಲೇ ನಾಲಿಗೆ ಒಣಗಿತು. ಅವನಿಗೆ ಆ ಸಾಮಗ್ರಿ ಒದಗಿಸಿದವನು ಯಾರು?

ರಾತ್ರಿ ಬಸ್ಸಿನಲ್ಲಿ ಹುಡುಗ ಗೆಳೆಯರ ಜೊತೆ ಕೂರದೆ ಡ್ರೈವರ್ ಪಕ್ಕದ ಒಂಟಿ ಸೀಟಿನಲ್ಲಿ ಕುಳಿತ. ನಾನು ಹೋಗಿ ಹತ್ತಿರ ನಿಂತೆ. ತಪ್ಪಾಯಿತು ಕಣೋ ಎಂದೆ. ಅವನು ಬಹಳ ಹೊತ್ತು ಮುಂದಿನ ಗಾಜನ್ನೇ ನೋಡಿದ.

"ನಾನು ಗೋ... ಗೋ... ಗೋಡೆಗೆ ಹೇಳಿದ್ದು ಸಾರ್."

ಚಿತ್ರದುರ್ಗ ದಾಟುವವರೆಗೂ ಅವನು ಮತ್ತೆ ಮಾತಾಡಲಿಲ್ಲ. ನನಗೂ ನಿದ್ದೆ ಬರಲಿಲ್ಲ.

ನಾನೂ ಹೈಸ್ಕೂಲಿನಲ್ಲಿದ್ದಾಗ, 1984ರಲ್ಲಿ, ಇದೇ ಗುಮ್ಮಟಕ್ಕೆ ಪ್ರವಾಸ ಬಂದಿದ್ದೆ. ನಮ್ಮ ಮೇಷ್ಟರ ಬಳಿ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಅಣ್ಣನ ದೊಗಳೆ ಅಂಗಿ ತೊಟ್ಟಿದ್ದ ನನಗೆ ಚಿತ್ರದಲ್ಲಿ ಬೀಳಲು ನಾಚಿಕೆ. ಉದ್ದದ ಹುಡುಗನೊಬ್ಬನ ಹಿಂದೆ ಅವಿತು ನಿಂತೆ. ತಿಂಗಳಾದ ಮೇಲೆ ಚಿತ್ರ ಬಂತು. ನನ್ನ ಒಂದು ಕಿವಿ, ಅರ್ಧ ತಲೆ ಮಾತ್ರ ಬಿದ್ದಿತ್ತು. ಅದನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ತೂಗುಹಾಕಿದರು. ಅಲ್ಲಿಗೆ ಮುಗಿಯಿತು. ಆ ಅಂಗಿಯನ್ನು ನನ್ನ ಸೋದರಮಾವ ನೋಡಲಿಲ್ಲ, ಹತ್ತು ವರ್ಷದ ಮೇಲೆ ಹೆಣ್ಣು ಕೊಡಲು ಬಂದವರೂ ನೋಡಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ಹೊರಟಿಲ್ಲ. ಆಗಲೂ ಊರಬಾಯಿ ಇತ್ತು, ಕಿವಿಯಿಂದ ಕಿವಿಗೆ ಮಾತು ಬೆಳೆಯುತ್ತಿತ್ತು. ಆದರೆ ಊರಬಾಯಿಗೆ ಮರೆವೂ ಇತ್ತು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ನಗಬೇಡಿ. ನನ್ನ ವಾಟ್ಸಾಪ್ ಖಾತೆಯಲ್ಲಿರುವ ನನ್ನ ಚಿತ್ರ ಹತ್ತು ವರ್ಷ ಹಳೆಯದು. ತಲೆಗೂದಲು ಕಪ್ಪಗಿದ್ದ ಕಾಲದ್ದು. ಅದನ್ನು ಆರಿಸಲು ನಾನು ಒಂದು ಭಾನುವಾರದ ಬೆಳಗನ್ನು ಕಳೆದಿದ್ದೆ, ಹೆಂಡತಿಯನ್ನೂ ಕೇಳಿದ್ದೆ. ನನ್ನ ಬೋಳುತಲೆಯನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂದು ಇಷ್ಟು ಯೋಚಿಸುವವನು, ಒಬ್ಬ ಹುಡುಗನ ಮನೆಯ ದುಃಖವನ್ನು ಅರ್ಧ ನಿಮಿಷದಲ್ಲಿ ನೂರು ಮನೆಗೆ ಹಂಚಿದ್ದೆ.

ಖಾಸಗಿತನ ಎಂಬ ಮಾತು ಬಂದರೆ ನಮ್ಮ ರಾಜ್ಯದವರು ನೆನೆಯಬೇಕಾದ ಹೆಸರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೆ, 86ನೆಯ ವಯಸ್ಸಿನಲ್ಲಿ, 2012ರಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರಲ್ಲಿ ಬಂದ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸುವ ಸಂಸ್ಥೆಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಇದನ್ನೆಲ್ಲ ನಾನು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಓದಿ ಹೇಳಿದ್ದೆ. ಅಪರಿಚಿತರಿಗೆ ಫೋನ್ ನಂಬರ್ ಕೊಡಬೇಡಿ, ಒ.ಟಿ.ಪಿ. ಹೇಳಬೇಡಿ, ಫೋಟೋ ಹಾಕಬೇಡಿ, ಫೋಟೋದ ಕಡತದೊಳಗೆ ತೆಗೆದ ಜಾಗವೂ ಹೊತ್ತೂ ಅಡಗಿರಬಹುದು ಎಂದು ಎಚ್ಚರಿಸಿದ್ದೆ. ಅಪರಿಚಿತರ ಭಯವನ್ನು ಚೆನ್ನಾಗಿಯೇ ಕಲಿಸಿದ್ದೇವೆ. ಪರಿಚಿತರು, ಅದರಲ್ಲೂ ಪ್ರೀತಿಯುಳ್ಳ ಪರಿಚಿತರು, ಮಾಡುವುದಕ್ಕೆ ಮಕ್ಕಳು ಯಾರಿಗೆ ದೂರು ಕೊಡಬೇಕು? ಅಂಕಪಟ್ಟಿಯನ್ನು ಗುಂಪಿಗೆ ಹಾಕುವವರು ನಾವು. ಸ್ನಾನ ಮಾಡುವ ಮಗುವಿನ ಚಿತ್ರವನ್ನು ನೆಂಟರಿಗೆಲ್ಲ ಕಳಿಸುವವರು ನಾವು. ಜ್ವರ ಬಂದು ಮಲಗಿದ ಮಗನ ಫೋಟೋ ತೆಗೆದು 'ಬೇಗ ಗುಣವಾಗಲಿ ಎಂದು ಹಾರೈಸಿ' ಎಂದು ಬರೆಯುವವರೂ ನಾವೇ. ಕೇಳಿದರೆ, ಹೆಮ್ಮೆಯಿಂದ ಹಾಕಿದೆ, ಅಕ್ಕರೆಯಿಂದ ಹಾಕಿದೆ ಎನ್ನುತ್ತೇವೆ. ನನ್ನ ಉತ್ತರವೂ ಅದೇ ಆಗಿತ್ತು. ಅವನ ತಂದೆಯ ಮುಂದೆ ಕುಳಿತು ಹಾಗೆ ಹೇಳಿದಾಗ ಅವರು ಚಹಾ ಲೋಟವನ್ನು ನನ್ನತ್ತ ಸರಿಸಿ, "ಗೊತ್ತು ಸಾರ್" ಎಂದರು. ಅಷ್ಟೇ ಹೇಳಿದ್ದು.

ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ ನಾನು ಅವನ ಓದುವ ಸರದಿಯನ್ನು ದಾಟಿಸುವುದು ಬಿಟ್ಟೆ. ಮೊದಲು ಅವನನ್ನು ಬೇರೆಯಾಗಿ ಕರೆದು ಕೇಳಿದೆ, ಓದಿಸಲೋ ಬೇಡವೋ ಎಂದು. ಎರಡು ದಿನ ಬಿಟ್ಟು ಓದುತ್ತೇನೆಂದ. ಅರ್ಧ ಪುಟಕ್ಕೆ ಆರು ನಿಮಿಷ ಹಿಡಿಯಿತು. ತರಗತಿಗೆ ಆ ಆರು ನಿಮಿಷ ಕಾಯುವುದು ಕಷ್ಟವಾಗಲಿಲ್ಲ, ನನಗೇ ಕಷ್ಟವಾಯಿತು. ತಡೆದ ಪದವನ್ನು ನಾನೇ ಹೇಳಿಬಿಡಬೇಕೆಂದು ತುಟಿ ತುರಿಸುತ್ತಿತ್ತು.

ಮರುವರ್ಷ ಹತ್ತನೆಯ ತರಗತಿಯವರಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಪ್ರವಾಸ ಗೊತ್ತಾಯಿತು. ಅಷ್ಟು ದೂರ ಹೋದವರು ಗುಮ್ಮಟವನ್ನೂ ನೋಡೋಣ ಎಂದು ಮಕ್ಕಳು ಹಟ ಹಿಡಿದರು. ಅವನು ಬರುವುದಿಲ್ಲವೆಂದೇ ಎಣಿಸಿದ್ದೆ. ಮೊದಲ ಪಟ್ಟಿಯಲ್ಲೇ ಅವನ ಹೆಸರಿತ್ತು. 2024ರ ಡಿಸೆಂಬರಿನಲ್ಲಿ ಮತ್ತೆ ಅದೇ ಚಳಿ, ಅದೇ ಇಕ್ಕಟ್ಟಿನ ಮೆಟ್ಟಿಲು, ಮಂಡಿ ಮಾತ್ರ ಒಂದು ವರ್ಷ ಹಳತು. ನನ್ನ ಮೊಬೈಲನ್ನು ಬಸ್ಸಿನಲ್ಲೇ ಬಿಟ್ಟಿದ್ದೆ.

ಈ ಸಲ ಅವನು ಪಿಸುಗುಟ್ಟಲಿಲ್ಲ. ಮೊಗಸಾಲೆಯ ಕಟಾಂಜನ ಹಿಡಿದು ನಿಂತು, ಗಟ್ಟಿಯಾಗಿ ತನ್ನ ಹೆಸರನ್ನೇ ಕೂಗಲು ಹೋದ. ಮೊದಲ ಅಕ್ಷರ ಮೂರು ಸಲ ತಡೆಯಿತು. ಗುಮ್ಮಟ ಆ ಅಕ್ಷರವನ್ನು ಎತ್ತಿಕೊಂಡು ಅತ್ತಿಂದಿತ್ತ ಹಾಯಿಸಿ ಏಳೆಂಟು ಸಲ ಹೇಳಿತು. ಅವನು ಬೆಚ್ಚಿ ಸುಮ್ಮನಾದ. ಜೊತೆಗಿದ್ದ ಹುಡುಗರೂ ಸುಮ್ಮನಾದರು. ಆಮೇಲೆ ಒಬ್ಬ ಚೆನ್ನಾಗಿ ಮಾತಾಡುವ ಹುಡುಗ ತನ್ನ ಹೆಸರು ಕೂಗಿದ. ಅವನದೂ ಹಾಗೇ ಮತ್ತೆ ಮತ್ತೆ ಬಂತು. ಇನ್ನೊಬ್ಬಳು ಕೂಗಿದಳು. ಅವಳದೂ.

ಅವನು ನನ್ನತ್ತ ತಿರುಗಿ ನಕ್ಕ. "ಗು... ಗುಮ್ಮಟಾನೂ ನನ್ ಥರಾನೇ ಉಗ್ಗುತ್ತೆ ಸಾರ್."

ನನ್ನ ಮೂವತ್ತು ವರ್ಷದ ಪಾಠದಲ್ಲಿ ಮರುದನಿಯನ್ನು ಯಾರೂ ಹಾಗೆ ಹೇಳಿರಲಿಲ್ಲ. ಕೈ ತನಗೆ ತಾನೇ ಜೇಬಿಗೆ ಹೋಯಿತು. ಜೇಬು ಖಾಲಿ.

ಮಾಳಿಗೆಗೆ ಬಂದ ಮೇಲೂ ಅವನು ಮಾತಾಡುತ್ತಲೇ ಇದ್ದ. ಗಾಳಿ ಬೀಸುತ್ತಿತ್ತು, ರೈಲ್ವೆ ನಿಲ್ದಾಣದ ಕಡೆಯಿಂದ ಒಂದು ಕೂಗು ಕೇಳಿತು. ಗುಮ್ಮಟದ ಬುಡದ ಕಲ್ಲುದಳಗಳ ಸಂದಿಯಲ್ಲಿ ಗಿಳಿಗಳು ಜಗಳವಾಡುತ್ತಿದ್ದವು. ಅವನಿಗೆ ಪದಗಳು ತಡೆಯುತ್ತಿದ್ದವು, ಅವನೂ ನಿಂತು ಕಾಯುತ್ತಿದ್ದ, ಗೆಳೆಯರೂ ಕಾಯುತ್ತಿದ್ದರು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ.

ಈ ಲೇಖನ ಬರೆದ ಮೇಲೆ ಅದನ್ನು ಅವನ ಮನೆಗೆ ಕೊಂಡೊಯ್ದೆ. ಈಗ ಅವನು ಪಿ.ಯು.ಸಿ. ಓದುತ್ತಿದ್ದಾನೆ. ಅಪ್ಪ, ಅಮ್ಮ, ಅವನು ಮೂವರೂ ಓದಿದರು. ಹೆಸರು ಬೇಡ, ಊರೂ ಬೇಡ ಎಂದರು. ಅದು ನನಗೂ ಗೊತ್ತಿತ್ತು. ಅವನು ಪೆನ್ಸಿಲ್ ತಂದು ಇನ್ನೊಮ್ಮೆ ನಿಧಾನವಾಗಿ ಓದಿ, ಎರಡನೆಯ ಪ್ರವಾಸದ ಭಾಗದಲ್ಲಿ ಒಂದು ವಾಕ್ಯವನ್ನು ಹೊಡೆದುಹಾಕಿದ. ಆ ವಾಕ್ಯ ಇಲ್ಲಿಲ್ಲ.